ಗುಂಡ್ಲುಪೇಟೆಯಿಂದ ಬಂದ ಫ್ಯಾನು

ಎಲ್ಲಕ್ಕೂ ಕಾರಣ ಅರಿಸಿನದ ದೂಳು. ಚಾಮರಾಜನಗರದ ಅರಿಸಿನ ಬೆಳೆಗಾರರ ಸಂಘದಲ್ಲಿ ಗೋಡೌನಿಗೂ ಆಫೀಸಿಗೂ ನಡುವೆ ಇದ್ದದ್ದು ಸರಿಯಾಗಿ ಮುಚ್ಚದ ಒಂದು ಬಾಗಿಲು. ಆ ಕಡೆ ಮೂಟೆ ಕೆಡವಿದರೆ ಈ ಕಡೆ ಗೋಡೆಯ ಕ್ಯಾಲೆಂಡರು, ನೀರಿನ ಬಿಂದಿಗೆ, ಗುಮಾಸ್ತ ನೀಲಕಂಠಸ್ವಾಮಿಯ ಅಂಗಿಯ ಕಾಲರು ಎಲ್ಲವೂ ಶಾಸ್ತ್ರಕ್ಕೆ ಕೂತ ಮದುಮಕ್ಕಳ ಹಾಗೆ ಹಳದಿಯಾಗುತ್ತಿದ್ದವು. ಮೈಸೂರಿನ ಕೇಂದ್ರ ಕಚೇರಿಯವರು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕೊಟ್ಟಿದ್ದ ಕಂಪ್ಯೂಟರು ಆ ದೂಳನ್ನೇ ಉಸಿರಾಡಿಕೊಂಡು ಐದಾರು ಸುಗ್ಗಿ ಕಳೆದಿತ್ತು. ಈಚೆಗೆ ಅದಕ್ಕೂ ಉಬ್ಬಸ ಹತ್ತಿತ್ತು. ಶುರು ಮಾಡಿದರೆ ಗೊರಗೊರ ಅನ್ನುವುದು, ಒಂದಿಬ್ಬರು ರೈತರ ಲೆಕ್ಕ ಮುಗಿಯುವಷ್ಟರಲ್ಲಿ ಮೈ ಬಿಸಿಯೇರಿ ತಾನಾಗಿ ಕಣ್ಣು ಮುಚ್ಚುವುದು.

ಆವತ್ತು ಬೆಳಗ್ಗೆ ಸಂಘದ ಅಧ್ಯಕ್ಷ ನಂಜುಂಡಪ್ಪನವರು ಬದನಗುಪ್ಪೆಗೆ ಹೊರಟವರು ಬಾಗಿಲ ಮುಂದೆ ಸ್ಕೂಟರ್ ನಿಲ್ಲಿಸಿ, ಇಳಿಯದೆಯೇ ಕೂಗಿ ಹೇಳಿದರು.

“ನೀಲಕಂಠ, ಮಧ್ಯಾಹ್ನದ ಮೇಲೆ ಮೈಸೂರಿಂದ ಮೇಡಂ ಬತ್ತಾವ್ರೆ, ಕಂಪ್ಯೂಟರ್ ನೋಡಕ್ಕೆ. ಅದು ಹೆಂಗದೋ ಹಂಗೇ ಇರ್ಲಿ, ಏನೂ ಮಾಡಕ್ಕೋಗ್ಬೇಡ. ನಿನ್ನ ಖಾಯಂ ವಿಚಾರನೂ ಇವತ್ತೇ ಇತ್ಯರ್ಥ ಆಗೋಯ್ತದೆ.”

ಸ್ಕೂಟರಿನ ಹೊಗೆ ಕರಗುವ ಮೊದಲೇ ನೀಲಕಂಠ ಕಂಪ್ಯೂಟರಿನ ಮುಂದೆ ಬಂದು ನಿಂತ. ಏಳು ವರ್ಷದಿಂದ ಅವನು ‘ತಾತ್ಕಾಲಿಕ’ ಗುಮಾಸ್ತ. ಮದುವೆಯಾದಾಗ ತಾತ್ಕಾಲಿಕ, ಮಗಳು ಹುಟ್ಟಿದಾಗ ತಾತ್ಕಾಲಿಕ, ಈಗ ಮಗಳು ಶಾಲೆಗೆ ಹೋಗುವಾಗಲೂ ತಾತ್ಕಾಲಿಕ. ಹೆಂಡತಿ ನಯನಾ ತವರಿಗೆ ಹೋದಾಗಲೆಲ್ಲ ಉಮ್ಮತ್ತೂರಿನ ಬಸ್ಸಿನಲ್ಲೇ ಯಾರಾದರೂ “ಆಯ್ತೇನವ್ವ ನಿಮ್ಮೆಜಮಾನ್ರದು” ಎಂದು ಕೇಳುವರು. ಇವತ್ತು ಆ ಮೇಡಂ ಎದುರಿಗೆ ಯಂತ್ರ ಗೊರಗೊರ ಎಂದು ಕಣ್ಣು ಮುಚ್ಚಿದರೆ ತನ್ನ ಕೆಲಸವೂ ಅದರ ಜೊತೆಯಲ್ಲೇ ಕಣ್ಣು ಮುಚ್ಚುತ್ತದೆ ಎಂಬುದರಲ್ಲಿ ಅವನಿಗೆ ಅನುಮಾನವೇ ಉಳಿಯಲಿಲ್ಲ.

ಏನೂ ಮಾಡಬೇಡ ಎಂದರಲ್ಲ ಅಂದರೆ, ಈ ಸೀಮೆಯಲ್ಲಿ ಆ ಮಾತಿಗೆ ಇರುವ ಅರ್ಥವೇ ಬೇರೆ. ಬೀಗರು ಬರುವ ಮೊದಲು ‘ಏನೂ ಮಾಡಬೇಡಿ’ ಎಂದು ಹೇಳಿ ಕಳಿಸುತ್ತಾರೆ. ಹೇಳಿಸಿಕೊಂಡವರು ಆ ಕ್ಷಣವೇ ಒಬ್ಬಟ್ಟಿಗೆ ಬೇಳೆ ಇಡುತ್ತಾರೆ. ನಿಜವಾಗಿ ಏನೂ ಮಾಡದೆ ಕೂತವನ ಮನೆಗೆ ಮತ್ತೆ ಯಾರೂ ಕಾಲಿಡುವುದಿಲ್ಲ. ಅಧ್ಯಕ್ಷರು ದೊಡ್ಡ ಮನುಷ್ಯರು, ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. ಹೀಗೆ ಲೆಕ್ಕ ಹಾಕಿದ ನೀಲಕಂಠ, ಸ್ಕ್ರೂಡ್ರೈವರ್ ಹುಡುಕಿ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದ.

ಒಳಗೆ ಅರಿಸಿನದ ಗುಡ್ಡವೇ ಇತ್ತು. ನಡುವೆ ಪ್ರೊಸೆಸರಿನ ತಲೆಯ ಮೇಲೆ ಬಾಚಣಿಗೆ ಹಲ್ಲಿನಂಥ ಅಲ್ಯೂಮಿನಿಯಂ ಕಟ್ಟೆ, ಅದರ ಮೇಲೆ ಅಂಗೈಯಗಲದ ಫ್ಯಾನು. ಹಲ್ಲುಗಳ ಸಂದಿಯಲ್ಲೆಲ್ಲ ಹಳದಿ ಕೂತು ಗಾಳಿಗೆ ದಾರಿಯೇ ಇರಲಿಲ್ಲ. ಮೂಟೆ ತೂಕ ಹಾಕುವ ಪುಟ್ಟಮಾದು ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡು ಬಂದು ಬಗ್ಗಿ ನೋಡಿದ. ಊದಿದರೆ ಹೋಗುವ ದೂಳಲ್ಲ ಇದು, ಬಿಚ್ಚಿ ಒದರಬೇಕು ಎಂದು ತೀರ್ಪು ಕೊಟ್ಟ. ಇಬ್ಬರೂ ಸೇರಿ ಕ್ಲಿಪ್ಪನ್ನು ಮೀಟಿದಾಗ ಕಟ್ಟೆಯೂ ಫ್ಯಾನೂ ಒಟ್ಟಿಗೆ ಕೈಗೆ ಬಂದವು. ಅಷ್ಟರಲ್ಲಿ ರೈತರೊಬ್ಬರು ಕರೆದರೆಂದು ನೀಲಕಂಠ ಅದನ್ನು ಕಿಟಕಿಯ ಮೇಲಿಟ್ಟು ಎದ್ದುಹೋದ.

ತಿರುಗಿ ಬಂದಾಗ ಕಿಟಕಿ ಖಾಲಿ. ಹಿತ್ತಲಿನ ನಲ್ಲಿಯ ಕಡೆಯಿಂದ ಸರಸರ ಉಜ್ಜುವ ಸದ್ದು.

ಕಸ ಗುಡಿಸುವ ಕರಿಯಮ್ಮ ಕುಕ್ಕರುಗಾಲಲ್ಲಿ ಕೂತು ಹುಣಿಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ಕಟ್ಟೆಯನ್ನೂ ಫ್ಯಾನನ್ನೂ ಒಟ್ಟಿಗೆ ಬೆಳಗುತ್ತಿದ್ದಳು. ನೀಲಕಂಠ ಓಡಿಹೋಗಿ ಅವಳ ಮುಂದೆ ನಿಂತ. ಅವಳು ಮುಖವರಳಿಸಿಕೊಂಡು ಅದನ್ನು ಬಿಸಿಲಿಗೆ ಹಿಡಿದು ತೋರಿಸಿದಳು.

“ಅರಿಸಿನ ಮೆತ್ಕೊಂಡಿತ್ತಲ್ಲ, ಪೂಜೆ ಸಾಮಾನು ಅಂದ್ಕೊಂಡೆ ಕಣಪ್ಪ. ತಳದಲ್ಲಿ ಬೆಳ್ಳಗೆ ಹಕ್ಕಿ ಹಿಕ್ಕೆ ಅಂಟ್ಕೊಂಡು ಬುಡ್ತಾನೇ ಇರ್ನಿಲ್ಲ. ಉಗುರಲ್ಲಿ ಕೆರ್ದು ತೆಗ್ದೆ.”

ಹಲ್ಲುಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಆದರೆ ಫ್ಯಾನಿನ ಎರಡು ರೆಕ್ಕೆ ಮುರಿದು, ನಡುವಿನ ಗುಂಡಿಯೊಳಗೆ ಹುಣಿಸೆ ನಾರು ಸುತ್ತಿಕೊಂಡಿತ್ತು. ನೀಲಕಂಠ ಅವಳ ಕೈಯಿಂದ ಅದನ್ನು ತೆಗೆದುಕೊಂಡ. ಹಬ್ಬದ ದಿನ ದೇವರ ದೀಪವನ್ನೇ ಒಡೆದವನ ಹಾಗೆ ಅದನ್ನು ಎರಡು ಕೈಯಲ್ಲಿ ಹಿಡಿದು ಒಳಗೆ ಬಂದ.

ಪಟ್ಟಣದಲ್ಲಿ ಗೊತ್ತಿದ್ದ ಕಂಪ್ಯೂಟರ್ ಅಂಗಡಿ ಒಂದೇ, ಅದೂ ಅಧ್ಯಕ್ಷರ ಅಳಿಯನದು. ಅಲ್ಲಿ ಫ್ಯಾನು ಕೇಳಿದರೆ ಸುದ್ದಿ ಫ್ಯಾನಿಗಿಂತ ವೇಗವಾಗಿ ತಿರುಗುತ್ತದೆ. ಅವನು ಗುಂಡ್ಲುಪೇಟೆಯ ಸಂಘಕ್ಕೆ ಫೋನು ಮಾಡಿದ. ಅಲ್ಲಿನ ಗುಮಾಸ್ತ ದಿಲೀಪ್ ಇವನ ಹಾಗೆಯೇ ತಾತ್ಕಾಲಿಕ, ಆದರೆ ಕೋರ್ಸು ಮಾಡಿದವನು. ನೀಲಕಂಠ ನಡೆದದ್ದನ್ನೆಲ್ಲ ಹೇಳಿ, ಮೇಡಂ ಬರುವ ವಿಚಾರಕ್ಕೆ ಬಂದಾಗ ದಿಲೀಪ್ ತಡೆದು ಕೇಳಿದ.

“ಮೇಡಂ ಮೊದ್ಲು ನಿಮ್ಮಲ್ಲಿಗೇ ಬರೋದಾ ಅಣ್ಣ?”

“ಊ ಕಣಪ್ಪ. ಮುಗುದೋಯ್ತು ನನ್ ಕತೆ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಲೈನು ಕಟ್ಟಾಯಿತೇನೋ ಎಂದು ನೀಲಕಂಠ ಹಲೋ ಹಲೋ ಅನ್ನುತ್ತಿರುವಾಗ ದಿಲೀಪನ ದನಿ ಬಂತು.

“ಹೆದರ್ಕೋಬೇಡಿ ಅಣ್ಣ. ನಮ್ಮದೂ ಅದೇ ಮಾಡೆಲ್ಲು. ಅದರ ಫ್ಯಾನೇ ಬಿಚ್ಚಿ ಈಗ ಹೊರಡೋ ಬಸ್ಸಿಗೆ ಕೊಟ್ಟು ಕಳಿಸ್ತೀನಿ. ಇವತ್ತೊಂದಿನ ನಮ್ದು ನಿಂತ್ರೆ ಏನೂ ಆಗಲ್ಲ. ನಿಮ್ದು ಓಡ್ಬೇಕು, ಅಷ್ಟೆ.”

ನೀಲಕಂಠನ ಕಣ್ಣಲ್ಲಿ ನೀರು ತುಂಬಿತು. ಸ್ವಂತ ತಮ್ಮನಾದರೂ ಉಟ್ಟ ಪಂಚೆ ಬಿಚ್ಚಿ ಕೊಡುತ್ತಾನೆಯೇ? ಇವನನ್ನು ಹೆತ್ತ ತಾಯಿ ಹೊಟ್ಟೆ ತಣ್ಣಗಿರಲಿ ಎಂದು ಮನಸ್ಸಿನಲ್ಲೇ ಹರಸಿ ಬಸ್ ಸ್ಟ್ಯಾಂಡಿಗೆ ಓಡಿದ.

ಅಲ್ಲಿ ಕಾಯುವಾಗ ಕಂಡ ಜೀಪುಗಳೆಲ್ಲ ಮೇಡಂ ಜೀಪುಗಳೇ ಆಗಿದ್ದವು. ಕಡಲೆಕಾಯಿ ಮಾರುವವನು ಹತ್ತಿರ ಬಂದರೂ ಅವನಿಗೆ ಎದೆ ಹಾರಿತು. ಕೊನೆಗೆ ತೆರಕಣಾಂಬಿ ಮೇಲೆ ಬಂದ ಬಸ್ಸಿನ ಕಂಡಕ್ಟರು ಸೀಟಿನ ಕೆಳಗಿಂದ ಪೇಪರಿನ ಪೊಟ್ಟಣ ಎಳೆದು, ಸಂದಿಯಲ್ಲಿ ಇಣುಕಿದ್ದ ರೆಕ್ಕೆಯನ್ನು ನೋಡಿ, ಇದೇನು ಸ್ವಾಮಿ, ಟೇಬಲ್ ಫ್ಯಾನ್ ಮರಿ ಹಾಕ್ತಾ ಎಂದು ಕೇಳಿ ಕೊಟ್ಟ. ನೀಲಕಂಠನಿಗೆ ನಗುವಷ್ಟು ಜೀವ ಉಳಿದಿರಲಿಲ್ಲ.

ಆಫೀಸಿಗೆ ಬಂದು ಮತ್ತೆ ದಿಲೀಪನಿಗೆ ಫೋನು ಮಾಡಿ, ಅದನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು ಕೂತ. ಹೊಳೆಯುವ ಕಟ್ಟೆಯ ಮೇಲೆ ಫ್ಯಾನಿಟ್ಟು ನಾಲ್ಕು ಮೂಲೆಗೂ ತಿರುಪು ಹಾಕಿಸಿದ ದಿಲೀಪ್, ಪ್ರೊಸೆಸರಿಗೂ ಕಟ್ಟೆಗೂ ನಡುವೆ ಬಿಳಿ ಪೇಸ್ಟು ಸವರಬೇಕು, ಬಿಸಿ ದಾಟುವುದೇ ಅದರಲ್ಲಿ ಎಂದ. ಕರಿಯಮ್ಮ ಉಗುರಲ್ಲಿ ಕೆರೆದದ್ದು ಯಾವ ಹಕ್ಕಿಯದು ಎಂದು ನೀಲಕಂಠನಿಗೆ ಆಗ ತಿಳಿಯಿತು. ಪೇಸ್ಟು ಕಳಿಸುವುದನ್ನು ದಿಲೀಪ್ ಮರೆತಿದ್ದ. ಪುಟ್ಟಮಾದು ಸೊಂಟದ ಚೀಲದಿಂದ ಸುಣ್ಣದ ಡಬ್ಬಿ ತೆಗೆದ.

“ಬೆಳ್ಳಗದೆ, ಮೆತ್ತಗದೆ, ತಂಪು. ಇನ್ನೇನ್ ಬೇಕಾಗದೆ ಅದ್ಕೆ?”

ಬೇಡ ಎನ್ನಲು ಧೈರ್ಯವಾಗಲಿ ಹೊತ್ತಾಗಲಿ ಇರಲಿಲ್ಲ. ಪುಟ್ಟಮಾದು ವೀಳ್ಯದೆಲೆಗೆ ಸವರುವ ಹದದಲ್ಲೇ, ತೆಳ್ಳಗೆ, ಅಂಚಿಗೆ ಬಾರದ ಹಾಗೆ ಸುಣ್ಣ ಸವರಿದ. ನೀಲಕಂಠ ಫೋನಿನಲ್ಲಿ ಆ ವಿಚಾರ ಹೇಳಲಿಲ್ಲ. ಕಟ್ಟೆ ಕೂರಿಸಿ ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಒತ್ತಿದರೆ ಅದು ಕೊಂಡಿಗೆ ಬೀಳದು. ಜೋರಾಗಿ ಒತ್ತಿದರೆ ಕೆಳಗಿನ ಹಲಗೆ ಕರಕರ ಅಂದಿತು. ಆ ಸದ್ದಿಗೆ ಅವನ ಹಲ್ಲೂ ಕರಕರ ಅಂದವು. ಕಣ್ಣು ಮುಚ್ಚಿ ಮಾದಪ್ಪನನ್ನು ನೆನೆದು ಒತ್ತಿದಾಗ ‘ಟಕ್’ ಎಂದಿತು. ಮುರಿಯಿತೋ ಕೂತಿತೋ ನೋಡುವ ಎದೆಗಾರಿಕೆ ಇಲ್ಲದೆ ಪುಟ್ಟಮಾದುವಿಗೇ ನೋಡು ಎಂದ. ಕೂತಿತ್ತು.

ಸ್ವಿಚ್ಚು ಹಾಕಿದರೆ ಟರ್ರ್ ಎಂದು ತಮಟೆ ಬಡಿದ ಹಾಗೆ ಸದ್ದು. ನೀಲಕಂಠ ಕುರ್ಚಿ ಸಮೇತ ಹಿಂದಕ್ಕೆ ಹಾರಿದ. ಫ್ಯಾನಿನ ವೈರು ರೆಕ್ಕೆಗೆ ತಗುಲುತ್ತಿತ್ತು. ಅದನ್ನು ಮೂಟೆ ಹೊಲಿಯುವ ದಾರದಲ್ಲಿ ಬಿಗಿದು ಕಟ್ಟಿ ಮತ್ತೆ ಹಾಕಿದ. ಈಗ ಸದ್ದೇ ಇಲ್ಲ. ಫ್ಯಾನು ತಿರುಗುತ್ತಿತ್ತು. ತಗಡು ಮುಚ್ಚಿ ಕೊನೆಯ ತಿರುಪು ಬಿಗಿಯುವುದಕ್ಕೂ ಹೊರಗೆ ಜೀಪು ನಿಲ್ಲುವುದಕ್ಕೂ ಸರಿಹೋಯಿತು.

ಸುಧಾಮಣಿ ಮೇಡಂ ಹಿಂದೆ ಅಧ್ಯಕ್ಷರೂ ಒಳಗೆ ಬಂದರು. ಮೇಡಂ ತಾವೇ ಕೂತು ಕೀಲಿ ಒತ್ತಿದರು, ಲೆಕ್ಕ ತೆಗೆಸಿದರು, ಪ್ರಿಂಟು ಹಾಕಿಸಿದರು. ಕಾಫಿ ಬಂತು, ಕುಡಿದರು, ಲೋಟ ಆರಿತು. ಯಂತ್ರ ಕಣ್ಣು ಮುಚ್ಚಲಿಲ್ಲ. ಅವರ ಪ್ರತಿ ಗುಟುಕಿಗೂ ನೀಲಕಂಠ ಒಂದೊಂದು ಹರಕೆ ಹೊತ್ತ. ಅಧ್ಯಕ್ಷರ ಮುಖ ಮಾತ್ರ ಹೆಚ್ಚಿಟ್ಟ ಬದನೆಕಾಯಿಯ ಹಾಗೆ ನಿಧಾನವಾಗಿ ಕಪ್ಪಾಗುತ್ತ ಹೋಯಿತು. ಸಂತೋಷ ತಡೆಯಲಾರದೆ ಹೀಗಾಗಿರಬೇಕು ಎಂದುಕೊಂಡ ನೀಲಕಂಠ.

“ನಿಂತೇಹೋಗಿದೆ ಅಂದಿದ್ರಲ್ಲ ನಂಜುಂಡಪ್ಪನವರೇ? ಇದು ಇನ್ನೂ ನಾಲ್ಕು ವರ್ಷ ಓಡುತ್ತೆ. ಯಾರು ನೋಡ್ಕೊಳ್ಳೋದು, ಇವರೇನಾ? ತುಂಬ ಚೆನ್ನಾಗಿ ಇಟ್ಕೊಂಡಿದ್ದಾರೆ.”

ಏಳು ವರ್ಷದಲ್ಲಿ ಮೊದಲ ಸಲ ನೀಲಕಂಠನ ಬೆನ್ನು ನೆಟ್ಟಗಾಯಿತು. ಮೇಡಂ ಎದ್ದು ಜೀಪು ಹತ್ತಿದರು. ಬೀಳ್ಕೊಡಲು ಹೋದ ಅವನಿಗೆ ಹಿಂದಿನ ಸೀಟಿನಲ್ಲಿ ಎರಡು ದೊಡ್ಡ ರಟ್ಟಿನ ಪೆಟ್ಟಿಗೆ ಕಂಡವು. ಜೀಪು ಗುಂಡ್ಲುಪೇಟೆ ರಸ್ತೆಗೆ ತಿರುಗಿತು.

ಅಧ್ಯಕ್ಷರು ಬಹಳ ಹೊತ್ತು ಆ ರಸ್ತೆಯನ್ನೇ ನೋಡುತ್ತ ನಿಂತಿದ್ದು ಆಮೇಲೆ ಮೆಲ್ಲಗೆ ಕೇಳಿದರು.

“ಏನೂ ಮಾಡ್ಬೇಡ ಅಂತ ಹೇಳಿರ್ನಿಲ್ವೇನ್ಲಾ?”

“ಹೇಳಿದ್ರಿ… ಅದ್ಕೇ ಮಾಡ್ದೆ.”

“ಆ ಎರಡು ಪೆಟ್ಟಿಗೆ ಸೇರಿ ಒಂದು ಹೊಸ ಕಂಪ್ಯೂಟರ್ ಕಣ್ಲಾ. ಇರೋದು ಒಂದೇ. ಯಾರದು ಕೆಟ್ಟೋಗ್ಯದೋ ಅಲ್ಲಿಗೆ ಕೊಡೋದು. ಹೊಸದು ಎಲ್ಲಿ ಕೂರ್ತದೋ ಅಲ್ಲಿ ಗುಮಾಸ್ತ ಖಾಯಂ, ಜೊತೇಲೇ ಆರ್ಡರು. ನಿನಗೋಸ್ಕರ ಮೈಸೂರಿಗೆ ತಿರುಗಿ ತಿರುಗಿ ಮೊದ್ಲು ನಮ್ಮಲ್ಲಿಗೇ ಬರೋ ಹಂಗೆ ಮಾಡಿದ್ದೆ. ಒಂದೇ ಒಂದಿನ ಅದು ಸತ್ತಂಗೆ ಬಿದ್ದಿದ್ರೆ ಸಾಕಾಗಿತ್ತು.”

ಅವರು ಸ್ಕೂಟರ್ ಹತ್ತಿ ಹೋದರು. ನೀಲಕಂಠ ಬಾಗಿಲ ಹೊಸ್ತಿಲ ಮೇಲೆ ಹಾಗೆಯೇ ಕೂತ. ಬೆಳಗ್ಗೆಯಿಂದ ಹೆದರಿದ್ದಷ್ಟೂ ದಂಡವಾಯಿತಲ್ಲ ಎಂಬ ಯೋಚನೆ ಬಂದು, ಅದರ ಬೆನ್ನಿಗೇ ಸಂಜೆ ನಯನಾಗೆ ಏನು ಹೇಳುವುದು ಎಂಬ ಹೊಸ ಹೆದರಿಕೆ ಹುಟ್ಟಿತು.

ಹೊತ್ತು ಇಳಿಯುವಾಗ ಫೋನು ಬಂತು. ದಿಲೀಪನ ದನಿಯಲ್ಲಿ ಸಂಕೋಚವಿತ್ತು, ಅದರಡಿಯಲ್ಲಿ ಪಾಯಸದ ಸಿಹಿಯಿತ್ತು.

“ಅಣ್ಣ, ಮೇಡಂ ಬಂದು ಹೋದ್ರು. ನಮ್ದು ಸ್ಟಾರ್ಟೇ ಆಗ್ಲಿಲ್ಲ ನೋಡಿ, ಹೊಸದು ಕೊಟ್ಟು ಹೋದ್ರು. ನಿಮ್ದು ಓಡ್ತದೋ ಇಲ್ವೋ ಅಂತ ಬೆಳಗ್ಗೆಯಿಂದ ನಂಗೂ ಎದೆ ಡವಡವ ಅಂತಿತ್ತು ಕಣಣ್ಣ.”

ಬೈಯಬೇಕೆಂದರೆ ನೀಲಕಂಠನದು ಹರಸಿದ ಬಾಯಿ.

“ಇನ್ನೊಂದು ವಿಷ್ಯ,” ಎಂದ ದಿಲೀಪ್. “ನಿಮ್ಮ ಕೈಗುಣ ಮೇಡಂಗೆ ಬಹಳ ಹಿಡಿಸ್ಬುಟ್ಟದೆ. ನಮ್ಮ ಹಳೇ ಮೆಷೀನನ್ನ ನಾಳೆ ಮೊದ್ಲನೇ ಬಸ್ಸಿಗೆ ನಿಮಗೆ ಕಳಿಸ್ಬೇಕಂತೆ. ವಾರದೊಳಗೆ ಓಡಿಸಿ ತೋರಿಸ್ಬೇಕಂತೆ.” ದನಿ ತಗ್ಗಿಸಿ ಸೇರಿಸಿದ: “ಅದಕ್ಕೆ ಏನೂ ಆಗಿಲ್ಲ ಅಣ್ಣ. ಒಂದು ಫ್ಯಾನಿಲ್ಲ, ಅಷ್ಟೆ.”