ಹಲ್ಲು ಸಾಲಿಗೆ ಬಂತು, ಕೈ ಬರಲಿಲ್ಲ

ಹಲ್ಲಿಗೆ ತಂತಿ ಕಟ್ಟಿ ಸಾಲಿಗೆ ತರುವ ವಿದ್ಯೆಯಲ್ಲಿ ಪಾರಂಗತರಾದ ವೈದ್ಯರಿಗೆ, ಇಪ್ಪತ್ತಾರು ವರ್ಷ ಹಿಂದಿನ ರೋಗಿಯೊಬ್ಬಳು ತುಟಿ ಬಿಗಿಹಿಡಿದು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಮೂವತ್ತೆರಡು ಹಲ್ಲುಗಳೂ ಕ್ಷೇಮವೆಂದು ನಂಬಿದ್ದೇನೆ. ಹದಿನಾಲ್ಕರ ವಯಸ್ಸಿನಲ್ಲಿ ನನ್ನ ಮೇಲ್ಸಾಲಿನ ಹಲ್ಲುಗಳು ಬಸ್ಸಿಗೆ ಮುಗಿಬಿದ್ದ ಜನರಂತೆ ಒಂದರ ಮೇಲೊಂದು ಏರಿದ್ದವು. ತಾವು ಎರಡೂವರೆ ವರ್ಷ ತಂತಿ ಬಿಗಿದು ಅವಕ್ಕೆ ಶಿಸ್ತು ಕಲಿಸಿ, ತಂತಿ ಬಿಚ್ಚಿದ ದಿನ ಕೈಗನ್ನಡಿ ಕೊಟ್ಟು, "ಇನ್ನು ಧಾರಾಳವಾಗಿ ನಗಮ್ಮ" ಎಂದಿರಿ. ನಾನು ಕೃತಜ್ಞತೆಯಿಂದ ನಕ್ಕೆ, ಬಾಯಿಗೆ ಕೈ ಅಡ್ಡ ಹಿಡಿದು.

ನನ್ನ ದೂರು ಅಲ್ಲಿಂದಲೇ ಶುರು. ತಂತಿಯಿದ್ದಾಗ ಬಾಯಿ ಮುಚ್ಚಲು ಕಲಿತ ನನ್ನ ಬಲಗೈಗೆ, ಚಿಕಿತ್ಸೆ ಮುಗಿದ ಸಂಗತಿಯನ್ನು ತಾವು ತಿಳಿಸಲೇ ಇಲ್ಲ. ಮದುವೆಯ ಫೋಟೊಗಳಲ್ಲೆಲ್ಲ ನಾನು ಕೆಮ್ಮುತ್ತಿರುವಂತೆ ಕಾಣುತ್ತೇನೆ. ಗ್ರಂಥಾಲಯದಲ್ಲಿ ಕೆಲಸ ಮಾಡುವುದರಿಂದ, ನಾನು ನಕ್ಕಾಗಲೆಲ್ಲ ಓದುಗರು ಅದನ್ನು ‘ಸದ್ದು ಮಾಡಬೇಡಿ’ ಎಂಬ ಸೂಚನೆಯೆಂದು ತಿಳಿದು ತೆಪ್ಪಗಾಗುತ್ತಾರೆ; ಇದರಿಂದ ಕಟ್ಟುನಿಟ್ಟಿನವಳೆಂಬ ಹೆಸರೂ ಒಂದು ಬಡ್ತಿಯೂ ನನಗೆ ದಕ್ಕಿದೆ.

ಹಲ್ಲು ಮತ್ತೆ ಸರಿಯದಂತೆ ಮಲಗುವಾಗ ಹಾಕಿಕೊಳ್ಳಲು ತಾವು ಕೊಟ್ಟ ಪ್ಲೇಟಿನ ವಿಚಾರ ಕೇಳದಿದ್ದರೆ ಮಹದುಪಕಾರ. ಎಂಟು ತಿಂಗಳು ಹಾಕಿಕೊಂಡೆ. ಆಮೇಲೆ ಒಂದು ಪ್ರವಾಸದಲ್ಲಿ, ಕಾಗದದಲ್ಲಿ ಸುತ್ತಿಟ್ಟಿದ್ದನ್ನು ಹೋಟೆಲಿನವರು ಕಸವೆಂದು ಗುಡಿಸಿದರು. ಹಲ್ಲುಗಳೇನು ತವರಿನ ದಾರಿ ಮರೆತಿರಲಿಲ್ಲ. ಎಡಗಡೆಯದೊಂದು ಹೇಳದೆ ಕೇಳದೆ ಮೆಲ್ಲಗೆ ಹಳೆಯ ಜಾಗಕ್ಕೆ ಹೊರಟಿತು. ಮನೆಯವರಿಗೆ ಇದು ಗೊತ್ತಾಗದಂತೆ ಕಾಪಾಡಿದ್ದು ಅದೇ ಬಲಗೈ.

ಹೋದ ವಾರ ನನ್ನ ಮಗಳಿಗೂ ತಾವು ತಂತಿ ಹಾಕಿದಿರಿ. ಊಟಕ್ಕೆ ಕೂತಾಗ ಅವಳ ಅಪ್ಪ ಏನೋ ತಮಾಷೆ ಮಾಡಿದರು. ಅವಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. "ಕೈ ತೆಗಿ, ಚೆನ್ನಾಗೇ ಕಾಣ್ತೀಯ" ಎಂದೆ. "ಮೊದಲು ನೀನು ತೆಗಿಯಮ್ಮ" ಎಂದಳು. ನೋಡಿದರೆ ನನ್ನ ಕೈಯೂ ಅಲ್ಲೇ ಇತ್ತು. ತೆಗೆದೆ; ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನೀರಿನ ಲೋಟ ಹಿಡಿದುಕೊಂಡೆ. ಮಗಳು ಬಗ್ಗಿ ನೋಡಿ, "ಅಮ್ಮ, ನಿಂದೂ ಒಂದು ಸೊಟ್ಟ ಇದೆ ಕಣೇ" ಎಂದಳು. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಅವಳ ತಂತಿ ಅಷ್ಟೂ ಕಾಣುತ್ತಿತ್ತು. ಹದಿನೇಳು ವರ್ಷ ಸಂಸಾರ ಮಾಡಿದ ಪತಿರಾಯರು ಯಾರೋ ಹೊಸಬರನ್ನು ನೋಡುವಂತೆ ನನ್ನನ್ನೇ ನೋಡುತ್ತ, ತುತ್ತು ಹಿಡಿದೇ ಕುಳಿತಿದ್ದರು.

ಹಲ್ಲು ನೆಟ್ಟಗಿದ್ದಷ್ಟು ಕಾಲ ಮುಚ್ಚಿಟ್ಟು, ಸೊಟ್ಟಗಾದ ಮೇಲೆ ಪ್ರದರ್ಶನಕ್ಕಿಟ್ಟ ನನ್ನ ಈ ಜಾಣತನದ ಹೊಣೆಯನ್ನು ತಾವೇ ಹೊರಬೇಕಾಗಿಯೂ, ಮಗಳ ತಂತಿ ಬಿಗಿಯುವಾಗಲೆಲ್ಲ ಅವಳ ಬಲಗೈಗೂ ಒಂದು ಸುತ್ತು ಬಿಗಿದು ಕಳಿಸಬೇಕಾಗಿಯೂ ವಿನಂತಿ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದ,
ಗ್ರಂಥಪಾಲಕಿ

ತಾ.ಕ.: ತಮ್ಮ ಕ್ಲಿನಿಕ್ಕಿನ ಗೋಡೆಯ ಮೇಲೆ ‘ಚಿಕಿತ್ಸೆಗೆ ಮೊದಲು’, ‘ಚಿಕಿತ್ಸೆಯ ನಂತರ’ ಎಂದು ತೂಗುಹಾಕಿರುವ ಬಾಯಿ ನನ್ನದೇ ಎಂದು ತಮ್ಮ ಸಹಾಯಕಿ ಹೇಳಿದರು. ಕೈ ಅಡ್ಡವಿಲ್ಲದೆ ನಕ್ಕಾಗ ಮಗಳು ತೆಗೆದ ಮೂರನೆಯ ಪಟವನ್ನು ಇದರೊಂದಿಗೆ ಇಟ್ಟಿದ್ದೇನೆ. ದಯವಿಟ್ಟು ಪಕ್ಕದಲ್ಲೇ ಒಂದು ಮೊಳೆ ಹೊಡೆಯಿರಿ. ಯಾರಾದರೂ ಕೇಳಿದರೆ ಹಲ್ಲು ತಮ್ಮದೆಂದು ಒಪ್ಪಿಕೊಳ್ಳಬೇಕಿಲ್ಲ, ನಗು ಮಾತ್ರ ನನ್ನದೆಂದು ಹೇಳಿದರೆ ಸಾಕು.