ಮುಖ ತಿರುಗಿಸಿಕೊಂಡ ಗೋಡೆ

ಮಳೆ ಬಂದರೆ ಬೇರೆಯವರ ಮನೆಯಲ್ಲಿ ಸೂರು ಸೋರುತ್ತದೆ. ಪಾಂಡವಪುರದ ನಮ್ಮ ಮನೆಯಲ್ಲಿ ಸೋರುವುದು ಹಿತ್ತಲು! ನಮ್ಮ ಹಿತ್ತಲು ಮೇಲೆ, ಪಕ್ಕದ ಪುಟ್ಟಗೌರಮ್ಮನ ಹಿತ್ತಲು ಸೊಂಟದೆತ್ತರ ಕೆಳಗೆ. ಒಂದು ಜೋರು ಮಳೆ ಬಿತ್ತೆಂದರೆ ನಮ್ಮ ಮಣ್ಣು, ನಮ್ಮ ಗೊಬ್ಬರ, ಜೊತೆಗೆ ನನ್ನ ಧರ್ಮಪತ್ನಿ ಚಲುವಮ್ಮ ತವರೂರು ಹೊಸಹೊಳಲಿನಿಂದ ಮಡಿಲಲ್ಲಿಟ್ಟುಕೊಂಡು ತಂದ ಕನಕಾಂಬರದ ಸಸಿಗಳು, ಎಲ್ಲವೂ ಸಕುಟುಂಬ ಸಪರಿವಾರ ಸಮೇತರಾಗಿ ಕೆಳಮನೆಗೆ ಪ್ರಯಾಣ ಬೆಳೆಸುತ್ತಿದ್ದವು.

ಹೋದ ಮಳೆಗಾಲದಲ್ಲಿ ಇದೇ ವಿಷಯಕ್ಕೆ ಜಗಳ ಹತ್ತಿತು.

"ನಮ್ ಮಣ್ಣಲ್ಲಿ ಬದನೇಕಾಯಿ ಬೆಳ್ಕಂಡು ನಮ್ಗೇ ತೋರಿಸ್ಕಂಡ್ ಓಡಾಡ್ತೀಯಲ್ಲ ಗೌರಮ್ಮ!" ಎಂದಳು ನನ್ನವಳು ಮೇಲಿನಿಂದ.

"ನಿಮ್ ಮಣ್ಣ ನಾನೇನ್ ಕೈಬೀಸಿ ಕರದ್ನಾ? ನನ್ ಬಟ್ಟೆ ಒಗೆಯೋ ಕಲ್ಲೇ ಊತೋಗದೆ. ಬಂದು ಬಾಚ್ಕಂಡೋಗಿ!" ಎಂದು ಉತ್ತರ ಬಂತು ಕೆಳಗಿನಿಂದ.

ಅಂದಿನಿಂದ ಎರಡು ಮನೆಗೂ ಮಾತು ನಿಂತಿತು. ಇನ್ನು ಮುಂದೆ ನಮ್ಮ ಮನೆಯವರು ಯಾರೂ ಅವರ ಹಿತ್ತಲಿಗೆ ಕಾಲಿಡಕೂಡದೆಂದು ಚಲುವಮ್ಮ ಕಟ್ಟಾಜ್ಞೆ ಹೊರಡಿಸಿದಳು. (ನಮ್ಮ ಮನೆಯವರು ಅಂದರೆ ನಾನೊಬ್ಬನೇ.) ನನಗೆ ಬೇರೆಯಾಗಿ ಇನ್ನೊಂದು ಎಚ್ಚರಿಕೆಯೂ ಸಿಕ್ಕಿತು.

"ಬರೋ ವರ್ಷದ ಗೌರಿ ಹಬ್ಬಕ್ಕೆ ನಮ್ ಹಿತ್ಲ ಕನಕಾಂಬರ ನನ್ ತಲೇಲಿ ಇಲ್ದೆ ಇದ್ರೆ, ನಾನು ತವರಿಗೆ ಒಂಟೋಯ್ತೀನಿ. ಒಬ್ಬಟ್ಟು ನೀವೇ ತಟ್ಕಳಿ."

ಒಬ್ಬಟ್ಟು ತಟ್ಟುವುದಿರಲಿ, ತಿನ್ನುವಾಗಲೇ ಅದು ನನ್ನ ಕೈಯಲ್ಲಿ ಹರಿದುಹೋಗುತ್ತದೆ. ನಾನು ಚಿಂತೆಗೆ ಬಿದ್ದೆ.

ನಾನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ನನಗೆ ಹುಟ್ಟಿನಿಂದ ಬಂದ ಒಂದು ಕಾಯಿಲೆಯಿದೆ. ಯಾವುದನ್ನೇ ಕಂಡರೂ ಅದು ಹೇಗೆ ನಿಂತಿದೆ ಎಂದು ತಿಳಿಯುವವರೆಗೆ ಅನ್ನ ಸೇರುವುದಿಲ್ಲ. ಹೀಗಿರುವಾಗ ಒಂದು ದಿನ ಬೆಳಗೊಳದ ಹತ್ತಿರ ಬಸ್ಸಿನಲ್ಲಿ ಹೋಗುವಾಗ ಯಾರದೋ ಬಂಗಲೆಯ ಮುಂದೆ ಒಂದು ಗೋಡೆ ಕಂಡಿತು. ಗೋಡೆಯ ಮೈತುಂಬ ಹೂವು! ಅಲ್ಲೇ ಇಳಿದುಬಿಟ್ಟೆ. ರಸ್ತೆಯಲ್ಲಿ ನಿಂತು ನೋಡಿದೆ, ಕೈ ಹಾಕಿ ನೋಡಿದೆ, ಮೂಸಿಯೂ ನೋಡಿದೆ. ಬಂಗಲೆಯ ನಾಯಿ ಬಂದು ನನ್ನನ್ನೂ ಹಾಗೆಯೇ ಮೂಸಿ ನೋಡಿತು. ಗಾರೆಯಿಲ್ಲ, ಮೆತ್ತಿಗೆಯಿಲ್ಲ. ಪೆಟ್ಟಿಗೆಯಂಥ ಟೊಳ್ಳು ಸಿಮೆಂಟ್ ಬ್ಲಾಕುಗಳು. ಒಂದೊಂದರ ಹೊಟ್ಟೆಯಲ್ಲೂ ಮಣ್ಣು, ಮುಂದಿನ ಬಾಯಲ್ಲಿ ಗಿಡ. ಕೆಳಗಿನ ಸಾಲಿಗಿಂತ ಮೇಲಿನ ಸಾಲು ನಾಲ್ಕು ಬೆರಳು ಹಿಂದಕ್ಕೆ. ತನ್ನ ಭಾರವನ್ನು ಹಿಂದಿನ ದಿಬ್ಬಕ್ಕೇ ಒರಗಿಸಿ ಗೋಡೆ ಹಾಯಾಗಿ ಕೂತಿತ್ತು!

ಸಂಜೆಗೇ ದೊಡ್ಡ ಹಾಳೆಯ ಮೇಲೆ ನಮ್ಮ ಹಿತ್ತಲಿನ ಮಣ್ಣು ತಡೆಯುವ ಗೋಡೆ ಎದ್ದಿತು, ಬಣ್ಣ ಸಮೇತ. ಚಲುವಮ್ಮ ತಲೆ ಓರೆ ಮಾಡಿ ನೋಡಿದಳು.

"ಚೆಂದಾಗದೆ. ಆದ್ರೆ ಇದ್ನ ಎಲ್ಲಿ ನಿಂತ್ಕಂಡು ಬರ್ದ್ರಿ?"

"ಕೂತ್ಕಂಡೇ ಬರ್ದೆ ಕಣೆ, ಟೇಬಲ್ ಮುಂದೆ."

"ಅಂಗಲ್ಲ ಕಣ್ರೀ, ಈಗ ನಮ್ ಹಿತ್ಲಲ್ಲಿ..."

"ಇದಕ್ಕೆ ಮುಂಭಾಗದ ನೋಟ ಅಂತಾರೆ. ನಿಂಗೆ ಗೊತ್ತಾಗಲ್ಲ ಬುಡು."

ಬೇಸಿಗೆ ರಜೆ ಬಂತು. ಹೇಳಿ ಮಾಡಿಸಿದ ಬ್ಲಾಕುಗಳು ಬಂದವು. ಗಡಿಗುಂಟ ನೂಲು ಕಟ್ಟಿ, ಕಾಲುವೆ ತೋಡಿ, ಮೊದಲ ಸಾಲನ್ನು ಅರ್ಧ ಹೂತು, ಮಟ್ಟಸವಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡಿದೆ. ಹಿಂದೆ ಜಲ್ಲಿ ತುಂಬಿದೆ, ನೀರು ಇಳಿಯಲೆಂದು. ಒಂದೊಂದು ಸಾಲು ಕೂತ ಹಾಗೆ ಹೊಟ್ಟೆಗೆ ಮಣ್ಣು, ಬಾಯಿಗೆ ಹೊಸಹೊಳಲಿನಿಂದ ಮತ್ತೆ ತರಿಸಿದ ಒಂದು ಕನಕಾಂಬರ. ಕೆಳಗಿಳಿಯಲು ಅಪ್ಪಣೆಯಿಲ್ಲವಲ್ಲ, ಎಲ್ಲವನ್ನೂ ಮೇಲಿನಿಂದಲೇ ಬಗ್ಗಿ ಮಾಡಿದೆ. ಬೀದಿಗೆ ಆಗತಾನೆ ಕೇಬಲ್ ಟಿ.ವಿ. ಬಂದಿತ್ತು, ಜನ ಅದನ್ನೂ ಬಿಟ್ಟು ನನ್ನ ಹಿಂಭಾಗದ ನೋಟವನ್ನು ನೋಡಲು ಬಂದರು.

"ಏನ್ ಮೇಷ್ಟ್ರೆ, ಪಾರಿವಾಳ ಸಾಕೀರಾ?" ಎಂದ ಹಾಲಿನ ನಾಗರಾಜು.

"ಇಲ್ಲ ಕಣ್ಲಾ, ಹೆಂಡ್ತಿ ಸಾಕ್ಬೇಕು" ಎಂದೆ.

ಮಳೆ ಹುಯ್ಯಿತು. ಒಂದು ಹಿಡಿ ಮಣ್ಣು ಅಲುಗಲಿಲ್ಲ! ಅಂದು ನನಗೆ ಕೇಳದೆಯೇ ಎರಡನೇ ಲೋಟ ಕಾಫಿ ಸಿಕ್ಕಿತು. ಜೀವನದಲ್ಲಿ ಅಷ್ಟು ಹೆಮ್ಮೆ ನನಗೆ ಹಿಂದೆಂದೂ ಆಗಿರಲಿಲ್ಲ.

ಆಮೇಲೆ ಹಳೇ ಕಾಯಿಲೆ ಕೆರಳಿತು. ನನ್ನ ಗೋಡೆ ನೋಡಲು ಹೇಗಿದೆ? ಮೇಲಿನಿಂದ ಬಗ್ಗಿದರೆ ಸಿಮೆಂಟಿನ ತುಟಿ, ಅದರಾಚೆ ಒಂದೆರಡು ಎಲೆಯ ತುದಿ, ಅಷ್ಟೇ. ಗಿಡಗಳೆಲ್ಲ ಬೆಳಕು ಹುಡುಕಿಕೊಂಡು ಆಚೆಗೆ ಬಾಗಿ ಬೆಳೆದಿದ್ದವು. ಚಲುವಮ್ಮ ದಿನವೂ ಕೇಳುತ್ತಿದ್ದಳು, "ಮೊಗ್ಗು ಬಂತಾ?" ನಾನು ದಿನವೂ "ಬತ್ತವೆ ಇರು" ಎನ್ನುತ್ತಿದ್ದೆ. ಹೀಗೆ ಅನ್ನುತ್ತಲೇ ಗೌರಿ ಹಬ್ಬದ ಬೆಳಗು ಬಂದುಬಿಟ್ಟಿತು.

ಅವಳು ಹೂರಣಕ್ಕೆ ಬೇಳೆ ಇಟ್ಟು ಸ್ನಾನಕ್ಕೆ ಹೋದಳು. ಇನ್ನು ತಡೆಯಲಾಗಲಿಲ್ಲ. ನನ್ನ ಗಡ್ಡದ ಕನ್ನಡಿಯನ್ನು ಸ್ಕೂಲಿನ ಉದ್ದ ಅಳತೆಪಟ್ಟಿಯ ತುದಿಗೆ ಕಟ್ಟಿ, ದಿಬ್ಬದ ಮೇಲೆ ಬೋರಲಾಗಿ ಮಲಗಿ, ಮೆಲ್ಲಗೆ ಕೆಳಕ್ಕೆ ಇಳಿಬಿಟ್ಟೆ. ಮೊದಲು ಆಕಾಶ ಕಂಡಿತು. ಆಮೇಲೆ ನನ್ನದೇ ಮೂಗಿನ ಹೊಳ್ಳೆಗಳು. ಇನ್ನೊಂದಿಷ್ಟು ತಿರುಗಿಸಿದೆ. ಅಬ್ಬಾ! ಗೋಡೆಯ ತುಂಬ ಕನಕಾಂಬರ, ಸಾಲಿಗೆ ಸಾಲು, ಸಿಮೆಂಟೇ ಕಾಣದ ಹಾಗೆ! ಖುಷಿಗೆ ಕೂಗಿಕೊಳ್ಳುವುದರಲ್ಲಿದ್ದೆ, ಅಷ್ಟರಲ್ಲಿ ಕನ್ನಡಿಯೊಳಕ್ಕೆ ಒಂದು ಮುಖ ಬಂತು. ಪುಟ್ಟಗೌರಮ್ಮ! ತಲೆಗೆ ನೀರು ಹಾಕಿಕೊಂಡು, ತುರುಬು ಕಟ್ಟಿ, ಕೈಯಲ್ಲಿ ಕನಕಾಂಬರದ ದಂಡೆ ಹಿಡಿದಿದ್ದರು.

"ಒಸಿ ಮ್ಯಾಲಕ್ಕೆ ಎತ್ತಿ ಮೇಷ್ಟ್ರೆ, ತುರುಬು ಕಾಣಕಿಲ್ಲ."

ಎತ್ತಿದೆ. (ಇಷ್ಟು ವರ್ಷದ ಸಂಸಾರದಲ್ಲಿ ಹೆಂಗಸರ ಅಪ್ಪಣೆಗೆ ಕೈ ತಾನಾಗಿ ಏಳುತ್ತದೆ.) ಅವರು ದಂಡೆ ಮುಡಿಯುವಷ್ಟರಲ್ಲಿ ನನ್ನ ಹಿಂದುಗಡೆ ಬಳೆ ಸದ್ದಾಯಿತು.

"ಏನ್ರೀ ಇದು?"

"ಗೋಡೆಯ ಮುಂಭಾಗದ ನೋಟ..."

"ಕಾಣ್ತಾ ಅದೆ! ಮಖ ಅವ್ರಿಗೆ, ಬೆನ್ನು ನಮ್ಗೆ. ಅವತ್ತೇ ಕೇಳ್ಳಿಲ್ವಾ, ಎಲ್ಲಿ ನಿಂತ್ಕಂಡು ಬರ್ದ್ರಿ ಅಂತ? ಗೌರಮ್ಮನ ಬಟ್ಟೆ ಒಗೆಯೋ ಕಲ್ಲಿನ್ ಮ್ಯಾಲೆ ನಿಂತ್ಕಂಡು ಬರ್ದಿದ್ದೀರಿ!"

ಸತ್ಯ. ಬೆಳಗೊಳದಲ್ಲಿ ನಾನು ನಿಂತಿದ್ದು ಕೆಳಗಿನ ರಸ್ತೆಯಲ್ಲಿ. ನಮ್ಮಲ್ಲಿ ಆ ರಸ್ತೆಯ ಜಾಗದಲ್ಲಿರುವುದು ಪುಟ್ಟಗೌರಮ್ಮನ ಹಿತ್ತಲು. ಚಲುವಮ್ಮನ ಮುಖ ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಹಬ್ಬದ ದಿನ, ಬರಿದಾದ ಜಡೆ, ಎದುರಿಗೇ ಬೇರೊಬ್ಬರ ತುರುಬಿನಲ್ಲಿ ತವರಿನ ಹೂವು.

ಕೆಳಗಿನಿಂದ ದನಿ ಬಂತು. "ಬಯ್ಬ್ಯಾಡ ಬುಡು ಚಲುವಕ್ಕ. ಮಾತು ಬುಟ್ಟಿವ್ನಿ ಅಂತ ನಿನ್ ಹೂವ ನಾನೊಬ್ಳೇ ಮುಡ್ಕಳಕಾಯ್ತದಾ? ನಿಂಗೂ ಒಂದು ಮಾರು ಕಟ್ಟಿಟ್ಟಿವ್ನಿ. ಎಂಗ್ ಕೊಡದು ಅಂತ ಬೆಳಗಿಂದ ಒದ್ದಾಡ್ತಾ ಇವ್ನಿ."

ಚಲುವಮ್ಮನ ಕಣ್ಣು ತುಂಬಿತು. ತಾನು ಹೊರಡಿಸಿದ ಆಜ್ಞೆಯನ್ನು ತಾನೇ ಮುರಿದು, ಬೀದಿ ಸುತ್ತಿಕೊಂಡು ಕೆಳಗಿನ ಹಿತ್ತಲಿಗೆ ಓಡಿದಳು. ಒಂದು ವರ್ಷದ ಮಾತು ಒಟ್ಟಿಗೇ ಶುರುವಾಯಿತು.

"ನಾನೂ ಬಂದು ಒಂದ್ಸಲ ನೆಟ್ಟಗೆ ನೋಡ್ಲೇನೆ?" ಎಂದೆ ಮಲಗಿದ್ದಲ್ಲಿಂದಲೇ.

"ನೀವ್ ಬಂದ್ರೆ ಕನ್ನಡಿ ಯಾರು ಹಿಡೀತಾರೆ? ಒಸಿ ಈ ಕಡಿಕ್ ತಿರುಗ್ಸಿ."

ತಿರುಗಿಸಿದೆ. ಕನ್ನಡಿಯಲ್ಲಿ ಎರಡು ಮುಖ, ಎರಡೂ ನನ್ನನ್ನೇ ನೋಡಿ ನಗುತ್ತಿದ್ದವು. ಅಷ್ಟರಲ್ಲಿ ಅಡುಗೆಮನೆಯಿಂದ ವಾಸನೆ ಬಂತು.

"ಲೇ, ಬೇಳೆ ಸೀಯ್ತಾ ಅದೆ!"

"ಸೀಯ್ಲಿ, ಒಬ್ಬಟ್ಟು ನಾನಿಲ್ಲೇ ತಿಂತೀನಿ. ನೀವು ಕನ್ನಡಿ ಅಲ್ಲಾಡಿಸ್ಬ್ಯಾಡಿ."