ತುರಾಯಿ ಕಟ್ಟಿದ ಹುಂಜ

ಖಾಜಾ ಹುಸೇನನ ಹುಂಜಕ್ಕೆ ಬಾಲವಿರಲಿಲ್ಲ. ಮರಿಯಿದ್ದಾಗ ಅವನ ಹೊಲಿಗೆ ಯಂತ್ರದ ಚಕ್ರಕ್ಕೆ ಸಿಕ್ಕು ಹೋದದ್ದು ಮತ್ತೆ ಬೆಳೆಯಲೇ ಇಲ್ಲ. ತಪ್ಪು ತನ್ನದೆಂದು ಅವನು ಅದನ್ನು ಮಗನಂತೆ ಸಾಕಿದ್ದ. ದಾವಣಗೆರೆ ಜಿಲ್ಲೆಯಾಗಿ ವರ್ಷವಾಯಿತು, ಹುಂಜಕ್ಕೆ ಮಾತ್ರ ಬಡ್ತಿಯಿಲ್ಲ. ಆರು ಹೇಂಟೆಗಳಲ್ಲಿ ಒಂದೂ ಹತ್ತಿರ ಸುಳಿಯದು. ಕಾವಿಗಿಟ್ಟ ಮೊಟ್ಟೆಗಳೆಲ್ಲ ಕೊಳೆತವು.

ಆ ಶುಕ್ರವಾರ ಬೆಳಿಗ್ಗೆ ಹೆಂಡತಿ ರಹಮತ್ ಬೀ ಮಸಾಲೆ ಅರೆಯುತ್ತಲೇ ತೀರ್ಪು ಕೊಟ್ಟಳು. ಮಲೆಬೆನ್ನೂರಿನಿಂದ ಅವಳ ತಮ್ಮ ಸಂಜೆ ಊಟಕ್ಕೆ ಬರುವವನಿದ್ದ.

"ಅಷ್ಟರಾಗ ಒಂದು ಹ್ಯಾಟೆಯಾದ್ರೂ ಇದರ ಹತ್ರ ಹೋದ್ರೆ ಬಿಡ್ತೀನಿ. ಇಲ್ಲಾಂದ್ರೆ ಸಾರು."

ಖಾಜಾ ಎದುರುಮನೆಗೆ ಓಡಿದ. ಅಲ್ಲಿದ್ದ ಬಸವಪ್ರಭು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಮೊಟ್ಟೆಯನ್ನೂ ಮುಟ್ಟದವರು, ಕೋಳಿಗಳ ಸಂಸಾರವನ್ನು ಮಾತ್ರ ಅರೆದು ಕುಡಿದವರು.

"ನೋಡ್ರಿ ಸಾಬ್ರೆ, ಹೆಣ್ಣು ನೋಡೋದು ಬಾಲ. ಅಷ್ಟು ಭಾರ ಹೊತ್ಕೊಂಡೂ ಬದುಕೈತೆ ಅಂದ್ರೆ ಗಂಡು ಗಟ್ಟಿ ಐತೆ ಅಂತ ಲೆಕ್ಕ."

ದರ್ಜಿ ಖಾಜಾನಿಗೆ ಇದು ಬರೀ ಹೊಲಿಗೆಯ ಕೆಲಸವಾಗಿ ಕಂಡಿತು. ಹರಿಹರದ ಬ್ಯಾಂಡ್ ಸೆಟ್ಟಿನವರ ಸಮವಸ್ತ್ರದ ಜೊತೆ ಅವರ ಬ್ಯಾಂಡ್ ಮಾಸ್ತರನ ಟೋಪಿಯ ಕೆಂಪು ತುರಾಯಿಯೂ ರಿಪೇರಿಗೆ ಬಂದಿತ್ತು. ಜೋತುಬಿದ್ದ ಗರಿ ನೆಟ್ಟಗೆ ನಿಲ್ಲಲೆಂದು ಮೈದಾ ಗಂಜಿ ದಪ್ಪಗೆ ಬಳಿದು, ಒಣಗಿಸಿ, ಪಟ್ಟಿ ಹೊಲಿದು ಹುಂಜದ ಸೊಂಟಕ್ಕೆ ಕಟ್ಟಿದ. ಹುಂಜ, ಮೊದಲ ಸಲ ಪೇಟ ಸುತ್ತಿಸಿಕೊಂಡ ಮದುಮಗನಂತೆ ಕತ್ತು ಬಿಗಿಹಿಡಿದು ಅಂಗಳಕ್ಕಿಳಿಯಿತು.

ಆರೂ ಹೇಂಟೆಗಳು ಓಡಿ ಬಂದವು. ಪಕ್ಕದ ಮನೆಯ ಮಾಬೂಬೀಯ ನಾಲ್ಕು ಹೇಂಟೆಗಳೂ ಬೇಲಿ ನುಸುಳಿ ಬಂದವು. ಮೇಷ್ಟ್ರು ನೋಟ್ ಪುಸ್ತಕ ತಂದರು. ರಹಮತ್ ಬೀ ಮಸಾಲೆಯನ್ನು ಮುಚ್ಚಿಟ್ಟಳು. ಖಾಜಾ ನೆಮ್ಮದಿಯಿಂದ ಜುಮ್ಮಾ ನಮಾಜಿಗೆ ಹೋದ.

ತಿರುಗಿ ಬಂದಾಗ ತುರಾಯಿ ಇರಲಿಲ್ಲ. ಹೇಂಟೆಗಳು ಗಂಜಿಯನ್ನೆಲ್ಲ ಕುಕ್ಕಿ ತಿಂದು, ರುಚಿ ಹತ್ತಿ, ಗಂಜಿ ತಾಗಿದ್ದ ಹುಂಜದ ಬೆನ್ನಿನ ಪುಕ್ಕವನ್ನೂ ಕಿತ್ತು ಮುಗಿಸಿದ್ದವು.

"ಇದಕ್ಕೂ ಒಂದು ಸಿದ್ಧಾಂತ ಐತ್ರಿ," ಎಂದು ಮೇಷ್ಟ್ರು ಹಾಳೆ ತಿರುವಿದರು.

ನಾಲ್ಕು ಗಂಟೆಯ ಬಸ್ಸಿಗೆ ಹರಿಹರದಿಂದ ಬಂದ ಬ್ಯಾಂಡ್ ಮಾಸ್ತರ ಕೊಟ್ಟೂರೇಶ್ ಬೋಳು ಟೋಪಿ ಇಟ್ಟುಕೊಂಡು ಕನ್ನಡಿ ನೋಡಿದ. ಬಟ್ಟೆಗಂಟು ಎತ್ತಿಕೊಂಡು, ಊರಲ್ಲಿ ಬೇರೆ ದರ್ಜಿ ಯಾರೆಂದು ಕೇಳಿದ. ಮಾಬೂಬೀ ಹೇಳಿದಳು.

"ಹತ್ರ ಬಂದಿದ್ದು ಬಂದ್ವಲ್ಲ," ಎಂದು ಖಾಜಾ ಮೆಲ್ಲಗೆ ಹೆಂಡತಿಗೆ ನೆನಪಿಸಿದ.

"ಉಣ್ಣಾಕ ಬಂದಿದ್ದು ಲೆಕ್ಕಕ್ಕಿಲ್ಲ." ರಹಮತ್ ಬೀ ಹುಂಜವನ್ನೆತ್ತಿ ಹಿಂದೆ ಮುಂದೆ ನೋಡಿ ಮಸಾಲೆಯ ಮುಚ್ಚಳ ತೆಗೆದಳು. "ಅರ್ಧ ಪುಕ್ಕ ಅವೇ ಕಿತ್ತು ಕೊಟ್ಟಾವೆ. ನನ್ನ ಕೆಲಸ ಹಗುರಾತು."

ಆ ದಿನ ಹೋದದ್ದು ತುರಾಯಿ ಒಂದು, ಗಿರಾಕಿ ಒಂದು, ಹುಂಜ ಒಂದು.